ಕಡೀಕ ಬಂದ ಗಿಣ್ಣ

ಸಿಂದಗಿಯೊಳಗ ನಂದೊಂದು ಟೇಪ್ ರಿಪೇರಿ ಅಂಗಡಿ ಐತಿ. ಈಗ ಮಿಕ್ಸರ್ ರಿಪೇರಿ ಮ್ಯಾಲ ನಡೀತೈತಿ. ಟೇಪಿನ ಸಾಮಾನೆಲ್ಲಾ ಗುಜರಿಗೆ ಹಾಕಬೇಕಂತ ಚೀಲ ಬಿಚ್ಚಿದಾಗೊಮ್ಮೆ ಯಾವನರೆ ಒಬ್ಬ ಶಾಣ್ಯಾ ಬಂದ ಬರ್ತಾನ.

೧. ಸದ್ದು

ಈ ಸಲ ಬಂದಾಂವ ಗಿಟಾರ್ ಹೊತ್ಕೊಂಡು ಬಂದಿದ್ದ. ಗಡ್ಡನೂ ಇತ್ತು.

"ಕಾಕಾ, ನಾನ ಬರದು ನಾನ ಹಾಡೇನ್ರಿ. ಕ್ಯಾಸೆಟ್ ಮಾಡಿಕೊಡ್ರಿ."

"ಮೊಬೈಲ್‌ನ್ಯಾಗ ಬಿಡಬಾರದೇನಪಾ?"

"ಅದರಾಗ ಎಲ್ಲಾರೂ ಬಿಡ್ತಾರ್ರಿ. ಕ್ಯಾಸೆಟ್ ಸರ್ರ್ ಅಂತೈತಲ್ಲ, ಅದರಾಗ ಜೀವ ಇರ್ತೈತಿ. ಒಬ್ಬರರೆ ಕೇಳಿ ಕಣ್ಣೀರು ಹಾಕಿದ್ರ ಸಾಕ್ರಿ ನನಗ."

ಆ ಸರ್ರ್ ತಗ್ಯಾಕಂತ ಮೂವತ್ತು ವರ್ಷ ಟೇಪಿನ ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರಸೇನಿ. ಜೀವ ತಗೀತಿದ್ದೆ ಅಂತ ಆವತ್ತ ಗೊತ್ತಾತು.

೨. ಉಳದ ರೀಲು

ಖಾಲಿ ಕ್ಯಾಸೆಟ್ ಈಗೆಲ್ಲಿ ಸಿಗಬೇಕು? ಹೂವಿನ ಹಿಪ್ಪರಗಿಯೊಳಗ ಮನಿಮನಿ ತಿರುಗಿ ಹಳೇವು ಒಂದು ಚೀಲ ತಂದ. ಅವುಗಳ ಮ್ಯಾಲ ಇವನ ಹಾಡು ತುಂಬಿದೆ. ಹಾಡು ಮುಗದ್ರೂ ರೀಲು ಉಳೀತು.

"ಉಳದ ರೀಲಿನ್ಯಾಗ ಮೊದಲ ತುಂಬಿದ್ದು ಅಳಸ್ಲೇನಪಾ?"

"ಬಿಡ್ರಿ ಕಾಕಾ, ನನ್ನ ಹಾಡು ಮುಗದ ಮ್ಯಾಲ ಯಾರು ಕೇಳ್ತಾರ?"

ಸುರು ಆದ ಮ್ಯಾಲ ಯಾರು ಕೇಳ್ತಾರ ಅನ್ನೂದು ನನ್ನ ಚಿಂತಿ.

೩. ಬಿಡುಗಡಿ

ಬಸವನ ಬಾಗೇವಾಡಿಯೊಳಗ ಸಮಾರಂಭ. ಅತಿಥಿ ಒಬ್ಬರು ರಿಟೈರ್ ಹೆಡ್‌ಮಾಸ್ತರು. ಪುಸ್ತಕ ಬಿಡುಗಡಿ ಮಾಡಿ ಮಾಡಿ ಕೈ ಪಳಗಿತ್ತು, ಏನು ಕೊಟ್ರೂ ರಿಬ್ಬನ್ ಹುಡುಕ್ತಾರ. ಇಂವ ಕ್ಯಾಸೆಟ್ಟಿಗೆ ರಿಬ್ಬನ್ ಕಟ್ಟಿರ್ಲಿಲ್ಲ. ಮಾಸ್ತರು ತಿರುವಿ ಮುರುವಿ ನೋಡಿ, ಕೆಳಗ ಕಂಡ ರೀಲಿಗೆ ಬೆರಳು ಹಾಕಿ ಎಳದ್ರು. ಬಂತು. ಮತ್ತ ಎಳದ್ರು. ಮತ್ತ ಬಂತು. ಮಂದಿ ಚಪ್ಪಾಳಿ ಹೊಡದ್ರು.

"ಭಾಳ ಉದ್ದ ಕಟ್ಟೀರಲ್ರಿ" ಅಂದ್ರು ಮಾಸ್ತರು.

೪. ಕಣ್ಣೀರು

ಉಳದ ಕ್ಯಾಸೆಟ್ ಗಡ್ಡದಾಂವ ಕಂಡಕಂಡವರಿಗೆ ಹಂಚಿದ. ಯಾರ ಮನ್ಯಾಗ ಟೇಪ್ ಐತಿ? ದಿನಾ ಅಂಗಡಿಗೆ ಬಂದು ಕೇಳಾಂವ, "ಯಾರರೆ ಏನರೆ ಅಂದ್ರೇನ್ರಿ ಕಾಕಾ?"

ಒಂದಿನ ದೇವಣಗಾಂವದ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಬಂದ. ಅವನ ಗಾಡ್ಯಾಗ ಹಳೇ ಟೇಪ್ ಇನ್ನೂ ನಡೀತೈತಿ.

"ಈ ಕ್ಯಾಸೆಟ್ ಯಾರದ್ರಿ? ಕಡೀದು ಕೇಳಿ ಗಾಡಿ ನಿಂದ್ರಿಸಿ ಅತ್ತೇನ್ರಿ."

ಗಡ್ಡದಾಂವ ಅಲ್ಲೇ ಕುಂತಿದ್ದ. ಜಿಗದೆದ್ದ. "ಹಚ್ರಿ ಕಾಕಾ, ಹಚ್ರಿ!"

ಹಚ್ಚಿದೆ. ಇವನ ಕಡೀ ಹಾಡು ಮುಗೀತು. ಸರ್ರ್ ಅಂತು. ಆಮ್ಯಾಲ ಒಬ್ಬಾಕಿ ಮುದುಕಿ ದನಿ. ಗೋವಾಕ್ಕ ದುಡ್ಯಾಕ ಹೋದ ಮಗಗ ಕಾಗದದ ಬದಲಿ ಹಿಂದಕ ಯಾವಾಗೋ ತುಂಬಿದ ಮಾತು.

"ತಮ್ಮಾ, ಎಮ್ಮಿ ಈದೈತಿ. ಗಿಣ್ಣ ಮಾಡಿದ್ದೆ. ನಿನ್ನ ಪಾಲಿಂದು ತಗದಿಟ್ಟಿದ್ದೆ. ನೀ ಬರ್ಲಿಲ್ಲ. ಕೆಟ್ಟೀತಂತ ನಾನ ತಿಂದೆ. ಸಿಟ್ಟಾಗಬ್ಯಾಡ."

"ಇದ ನೋಡ್ರಿ!" ಡ್ರೈವರ್ ಟಾವೆಲ್ಲಿನಿಂದ ಕಣ್ಣು ಒರಸ್ಕೊಂಡ. "ಇದನ್ನ ಬರದಾಂವ ಯಾವ ಪುಣ್ಯಾತ್ಮರಿ?"

ಗಡ್ಡದಾಂವ ನನ್ನ ಕಡೆ ನೋಡ್ಲಿಲ್ಲ.

"ನಾನ ರೀ" ಅಂದ.

"ಹಂಗಾರ ಒಂದ್ಸಲ ಹಾಡಿ ತೋರಸ್ರಿ."

ಗಿಟಾರ್ ತಗೊಂಡು, ಕಣ್ಣು ಮುಚ್ಚಿ, "ಎಮ್ಮಿ ಈದೈತೀ..." ಅಂತ ಎಳದ. ಡ್ರೈವರ್ ಒಂದು ಸಾಲು ತಡಕೊಂಡ.

"ಸಾಕ್ರಿ ಸರ" ಅಂದ. "ನೀವು ಬರಕೋತ ಹೋಗ್ರಿ. ಹೇಳೂದು ಆ ಅವ್ವಗ ಬಿಡ್ರಿ."