ತಂಬೂರಿ ಡಬ್ಬಿಯ ನಡುಕ ಬಿಡಿಸಿದ್ದು

ರಿಪೇರಿ ಅಂಗಡಿಯಲ್ಲಿ ಕೂತವನಿಗೆ ನಗುವಿಗೆ ಬರವಿಲ್ಲ. ಯಂತ್ರ ಕೆಟ್ಟಿರುವುದು ಒಂದು ಕಾರಣಕ್ಕೆ, ತಂದವರು ಹೇಳುವುದು ಇನ್ನೊಂದು ಕಾರಣ, ನಾವು ಸರಿಮಾಡಿ ಕೊಡುವುದು ಮೂರನೆಯದನ್ನು.

ತೊಂಬತ್ತರ ದಶಕದ ಕೊನೆಯಲ್ಲಿ, ಬಾಗಲಕೋಟೆಯ ಹಳೆ ಊರಿನ ನನ್ನ ಅಂಗಡಿ ಅಣೆಕಟ್ಟಿನ ಹಿನ್ನೀರಿನ ಪಾಲು ಎಂದು ಖಾತ್ರಿಯಾದ ಮೇಲೆ, ವಿದ್ಯಾಗಿರಿಯಲ್ಲಿ ಒಂದು ಮಳಿಗೆ ಹಿಡಿದೆ. ಎಲೆಕ್ಟ್ರಾನಿಕ್ ತಂಬೂರಿ, ಸಣ್ಣ ಟೇಪು, ಮುಂದೆ ಹಾಡಿನ ಮೊಬೈಲು, ಹೀಗೆ ಕೈಯಲ್ಲಿ ಒಯ್ಯಬಹುದಾದ, ಬ್ಯಾಟರಿ ಶೆಲ್ಲಿನ ಮೇಲೆ ನಡೆಯುವ, ಹಾಡುವ ಎಲ್ಲವೂ ನನ್ನ ಬಳಿ ಬರುತ್ತಿದ್ದವು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು ನಾನು. ವಸ್ತುವಿನ ಜೊತೆ ಬರುವ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದೆ. ಅದರಲ್ಲಿ ಬರೆದದ್ದು ಸರಿ, ಬರೆಯದ್ದು ತಪ್ಪು. ಈ ಲೆಕ್ಕದಿಂದ ಮಂದಿಗೆ ನಗಲು ಬೇಕಾದಷ್ಟು ಸಿಕ್ಕಿತು. ಇಳಕಲ್ಲಿನ ಒಬ್ಬ ಹಿರಿಯರ ಹಾಡು ನಿಂತದ್ದೂ ಇದರಿಂದಲೇ. ನಕ್ಕದ್ದನ್ನು ಮೊದಲು ಹೇಳುತ್ತೇನೆ, ಅದು ಸುಲಭ.

೧. ಬಾದಾಮಿಯ ನಿಧಾನ ಹಾಡು

ಬಾದಾಮಿಯ ಅಕ್ಕನ ಬಳಗದ ಐವರು ಹೆಣ್ಣುಮಕ್ಕಳು ಒಂದು ಸಣ್ಣ ಟೇಪ್ ಹಿಡಿದು ಬಂದರು. ಅದರೊಳಗಿನ ವಚನದ ಹಾಡನ್ನು ಮೂರು ತಿಂಗಳಿಂದ ಕೇಳಿ ಕೇಳಿ ಕಲಿತಿದ್ದರಂತೆ. ಇನ್ನೊಂದು ನುಡಿ ಉಳಿದಿರುವಾಗ ಟೇಪು ಪೂರಾ ನಿಂತುಬಿಟ್ಟಿತ್ತು.

"ಎಲ್ಲಿತನಕಾ ಬಂದೈತಿ ಅಂತ ಹಾಡಿ ತೋರಸ್ತೇವಿ, ತಡೀರಿ," ಎಂದು ಹಿರಿಯಕ್ಕ ಅಂಗಡಿಯಲ್ಲೇ ಶುರು ಮಾಡಿದರು. ಉಳಿದವರು ಕೂಡಿದರು. ಎಂಥ ನಿಧಾನ, ಎಂಥ ತಗ್ಗು ದನಿ! ಒಂದೊಂದು ಅಕ್ಷರವನ್ನೂ ಬಾವಿಯಿಂದ ಸೇದಿದಂತೆ ಮೇಲೆ ತರುತ್ತಿದ್ದರು. ರಸ್ತೆಯಲ್ಲಿ ಹೊರಟಿದ್ದ ಒಬ್ಬರು ಸೈಕಲ್ ಇಳಿದು, ತಲೆಯ ಟೋಪಿ ತೆಗೆದು, "ಯಾರು ಹೋದ್ರ್ರಿ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು.

ನಾನು ಹೊಸ ಶೆಲ್ ಹಾಕಿ ಗುಂಡಿ ಒತ್ತಿದೆ. ಅದೇ ಹಾಡು ಕುದುರೆ ಏರಿದಂತೆ ಓಡಿತು. ಐವರೂ ಬಾಯಿ ತೆರೆದು ನಿಂತರು. ಶೆಲ್ ಆರುತ್ತ ಬಂದರೆ ಟೇಪು ನಿಧಾನ ತಿರುಗುತ್ತದೆ, ದನಿಯೂ ಇಳಿಯುತ್ತದೆ, ನೀವು ಮೂರು ತಿಂಗಳು ತಪ್ಪು ಕಲಿತಿದ್ದೀರಿ ಎಂದು ನಾನು ನಾಲ್ಕು ಗಿರಾಕಿಗಳ ಎದುರು ಬಿಡಿಸಿ ಹೇಳಿದೆ. ಹಾಗೆ ಹೇಳಬೇಕಾಗಿರಲಿಲ್ಲ. ಆ ಹಾಡನ್ನು ಅವರಷ್ಟು ಚೆಂದ ಹಾಡಿದ್ದನ್ನು ನಾನು ಮತ್ತೆ ಕೇಳಿಲ್ಲ.

ಹಿರಿಯಕ್ಕ ಸೆರಗು ಸರಿಮಾಡಿಕೊಂಡು ಅಂದರು: "ನಿಮ್ಮ ಶೆಲ್ ಬ್ಯಾಡ್ರಿ ಸಾಹೇಬ್ರ, ದೇವರ ಹಾಡು ಮದುವಿ ವರಾತದ ಬ್ಯಾಂಡ್ ಆತು. ನಮ್ಮ ಹಳೇ ಶೆಲ್ಲಾ ತಿರುಗಿ ಹಾಕಿ ಕೊಡ್ರಿ."

೨. ಶಿಸ್ತಿಗೆ ಬಂದ ಡಬ್ಬಿ

ಎರಡು ಸಾವಿರದ ಎಂಟು-ಒಂಬತ್ತರ ಮಾತು. ಇಳಕಲ್ಲಿನ ನೇಕಾರರೊಬ್ಬರು ಬಂದರು. ಎಪ್ಪತ್ತು ದಾಟಿದವರು, ಎಲ್ಲರಿಗೂ ಕಾಕಾ. ಪ್ರತಿ ಸೋಮವಾರ ಅಲ್ಲಿನ ಶಿವಾನುಭವ ಗೋಷ್ಠಿಯಲ್ಲಿ ಮೊದಲ ವಚನ ಅವರದೇ. ಅವರು ಹಾಡದೆ ಗೋಷ್ಠಿ ಶುರುವಾಗುತ್ತಿರಲಿಲ್ಲ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ, ಶ್ರುತಿಗೆ ಹಚ್ಚಿಕೊಳ್ಳುವ ಎಲೆಕ್ಟ್ರಾನಿಕ್ ತಂಬೂರಿ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟರು.

"ಶೆಲ್ ನಾಕ ದಿನಕ್ಕ ಮುಗೀತಾವ ತಮ್ಮಾ. ಏನರೆ ಮಾಡು."

ಹಚ್ಚಿ ನೋಡಿದೆ. ದನಿಯ ತಿರುಪು ಕೊನೆಯವರೆಗೆ ತಿರುವಿತ್ತು. ಶೆಲ್ ಮುಗಿಯುವುದು ಸಹಜ. ಅಷ್ಟೇ ಅಲ್ಲ, ಹಿಂದಿನ ಮುಚ್ಚಳ ಸಡಿಲಾಗಿ ಇಡೀ ಡಬ್ಬಿ ಚಳಿ ಹತ್ತಿದ ಆಡಿನಂತೆ ಗಡಗಡ ನಡುಗುತ್ತಿತ್ತು. ನನಗೆ ಸಿಟ್ಟೇ ಬಂತು. ತಿರುಪು ಅರ್ಧಕ್ಕಿಂತ ಮುಂದೆ ಹೋಗದಂತೆ ಒಳಗೆ ಒಂದು ತಡೆ ಹಾಕಿದೆ. ಅವರು ಕೇಳದೇ ಇದ್ದರೂ ಮುಚ್ಚಳದ ಸುತ್ತ ರಬ್ಬರ್ ಕೂರಿಸಿ, ಒಳಗೆ ಸ್ಪಂಜು ತುಂಬಿ, ಎಲ್ಲ ಸ್ಕ್ರೂ ಬಿಗಿಮಾಡಿದೆ. ಕೆಲಸ ಮುಗಿಯುವವರೆಗೂ ಕಾಕಾ ನನ್ನ ಬಾಯನ್ನೇ ನೋಡುತ್ತ ಕೂತಿದ್ದರು. ನನ್ನ ಮಾತಿಗೆ ಕೊಡುವ ಗೌರವ ಎಂದುಕೊಂಡೆ.

"ಇನ್ನ ತಿಂಗಳ ಬರ್ತಾವ ಶೆಲ್ಲು," ಎಂದು ಡಬ್ಬಿ ಕೈಗೆ ಕೊಟ್ಟೆ.

ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಅಂಗೈ ಒತ್ತಿ ನೋಡಿದರು. ಮುಖ ಸಣ್ಣದಾಯಿತು.

"ತಮ್ಮಾ, ಇದು ಸತ್ತಂಗ ಐತಲ್ಲೋ."

"ಸತ್ತಿಲ್ರಿ ಕಾಕಾ," ಅಂದೆ ನಾನು. "ಶಿಸ್ತಿಗೆ ಬಂದೈತಿ."

೩. ಸ್ವಲ್ಪ ದೋಷ

ಹದಿನೈದು ದಿನಕ್ಕೆ ಕಾಕಾ ಮತ್ತೆ ಬಂದರು. ಅದೇ ಸೀರೆಯ ತುಂಡು, ಅದೇ ಡಬ್ಬಿ.

"ಮಾತಾಡವಲ್ದು," ಅಂದರು.

ಹಚ್ಚಿದೆ. ಸ್ವಚ್ಛವಾದ ನಾದ, ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

"ಕೇಳಸ್ತೈತಲ್ರಿ?"

ಅವರು ನನ್ನ ಬಾಯಿ ನೋಡಿದರು, ಅಂಗಡಿಯಲ್ಲಿದ್ದ ಮಂದಿಯನ್ನು ನೋಡಿದರು. "ಕೇಳಸ್ತೈತಿ, ಕೇಳಸ್ತೈತಿ."

"ಮತ್ತೇನ್ ತ್ರಾಸು?"

"ಮೊದಲಿನಂಗ ನಡಗೂ ಹಂಗ ಮಾಡು."

"ಕಾಕಾ, ನಡಗೂದು ದೋಷ ಐತ್ರಿ. ನನ್ನ ಅಂಗಡ್ಯಾಗ ದೋಷ ತೆಗೀತೇವಿ, ಹಾಕಿ ಕೊಡೂದಿಲ್ಲ."

ಮುದುಕರು ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಆಮೇಲೆ ಬಗ್ಗಿ, ತೀರ ಖಾಸಗಿ ಮಾತೆಂಬಂತೆ, ಅಂದರೆ ಇಡೀ ಓಣಿಗೆ ಕೇಳುವಂತೆ, ಹೇಳಿದರು: "ಭಾಳ ಬ್ಯಾಡೋ ತಮ್ಮಾ. ಒಂದೀಟ ದೋಷ ಹಾಕಿ ಕೊಡು. ಏನ್ ಆಗ್ತೈತಿ ಅದರ ರೊಕ್ಕಾ ಕೊಡ್ತೇನಿ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ದೋಷ ಹಾಕಿ ಕೊಡಲಿಲ್ಲ. ಕಾಕಾ ಡಬ್ಬಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಮುಂದೆ ಒಂದು ದಿನ ಇಳಕಲ್ ಬಸ್ಸಿನಲ್ಲಿ ಪಕ್ಕ ಕೂತವರು ಗೋಷ್ಠಿಯ ಸುದ್ದಿ ತೆಗೆದರು. ಕಾಕಾ ಈಗ ಹಾಡುತ್ತಿಲ್ಲವಂತೆ. ಎರಡು ಸೋಮವಾರ ಶ್ರುತಿ ಬಿಟ್ಟು ಹೋದರಂತೆ, ಮೂರನೆಯ ಸೋಮವಾರದಿಂದ ಹಿಂದೆ ಗೋಡೆಗೆ ಆನಿಕೊಂಡು ಕೂಡುತ್ತಾರಂತೆ. ವಯಸ್ಸಾಯಿತು, ಪಾಪ, ಅಂದುಕೊಂಡೆ ನಾನು.

ಪಕ್ಕದವರು ಹೇಳಿದರು: "ಏನ್ ಹೇಳ್ತೀರಿ! ಹಾರ್ಮೋನಿಯಂ ಒಂದ ದಾರಿ, ಕಾಕಾ ಒಂದ ದಾರಿ. ಇಬ್ಬರನ್ನೂ ಕೂಡಸಾಕ ಪಂಚರನ್ನ ಕರೀಬೇಕಾಗಿತ್ತು."

೪. ಹುನಗುಂದದ ಮೌನ

ಎರಡು ವರ್ಷ ಕಳೆಯಿತು. ಗಾಜಿನ ಮೇಲೆ ಬೆರಳಿಟ್ಟರೆ ಹಾಡುವ ಮೊಬೈಲು ಬಂದವು. ಹುನಗುಂದದ ಒಬ್ಬ ಮಾಸ್ತರರು ಒಂದನ್ನು ಕೊಂಡಿದ್ದರು. ಶಾಲೆಯ ಪ್ರಾರ್ಥನೆಗೆ ಹಾಡು ಹಚ್ಚುವುದು ಅದರಿಂದಲೇ. "ಮಧ್ಯಾಹ್ನಕ್ಕ ಬ್ಯಾಟರಿ ಖಾಲಿ ಆಗ್ತೈತ್ರಿ," ಎಂದು ತಂದರು.

ಪುಸ್ತಕ ತೆರೆದು ಓದಿದೆ. ಬೆರಳು ಮುಟ್ಟಿದಾಗಲೆಲ್ಲ ಫೋನು ಒಮ್ಮೆ ಝುಮ್ಮೆನ್ನುತ್ತಿತ್ತು. ಬ್ಯಾಟರಿ ತಿನ್ನುವ ಆ ಶೋಕಿಯನ್ನು ಬಂದ್ ಮಾಡಿ ಕೊಟ್ಟೆ.

ನಾಲ್ಕನೆಯ ದಿನ ಮಾಸ್ತರರು ಕೆಂಪು ಮುಖ ಮಾಡಿಕೊಂಡು ಬಂದರು.

"ಏನ್ ಮಾಡಿ ಕೊಟ್ರಿ ಸಾಹೇಬ್ರ? ನಮ್ಮ ನಿವೃತ್ತ ಹೆಡ್ ಮಾಸ್ತರ ತೀರಿಕೊಂಡಿದ್ರು. ಸಾಲ್ಯಾಗ ಸಭಾ. ಪ್ರಾರ್ಥನಾ ಮುಗದ ಮ್ಯಾಲೆ ಹಾಡು ನಿಲ್ಲಸಾಕ ಒತ್ತೇನಿ. ಮೊದಲಾದ್ರ ಝುಮ್ ಅಂತಿತ್ತು, ಒತ್ತಿದ್ದು ತಿಳೀತಿತ್ತು. ಈಗ ಸುಮ್ಮನ ಗಾಜು. ಹಾಡೇನೋ ನಿಂತಿತ್ತು, ಆದ್ರ ಬೆರಳಿಗೆ ನಂಬಿಕಿ ಬರ್ಲಿಲ್ಲ. ಖಾತ್ರಿಗಿರಲಿ ಅಂತ ಕಿಸೇದಾಗ ಇಟ್ಕೊಂಡು ಇನ್ನೆರಡ ಸಲ ಒತ್ತೇನಿ."

"ಆಮ್ಯಾಲೆ?"

"ಆಮ್ಯಾಲೇನ್ರಿ, ಎರಡ ನಿಮಿಷದ ಮೌನ ಶುರು ಆತು. ನಾ ನೋಡದ ಒತ್ತಿದ್ದು ಮುಂದಿನ ಹಾಡಿಗೆ ಬಿದ್ದಿತ್ತು, ನನ್ನ ಕಿಸೇದಾಗಿಂದ ಸಿನಿಮಾದ ಕುಣಿಯೂ ಹಾಡು ಬಂತು. ಎರಡನೇ ಇಯತ್ತೆ ಹುಡುಗರು ನಿಂತಲ್ಲೇ ಕುಣ್ಯಾಕ ಹತ್ತಿದ್ರು!"

ನಾನು ನಗು ತಡೆದುಕೊಂಡು, ಝುಮ್ ಬೇಕಾದರೆ ಬ್ಯಾಟರಿ ಬಾಳಿಕೆ ಬರುವುದಿಲ್ಲ ಎಂದು ಪುಸ್ತಕ ತೋರಿಸಿದೆ. ಮಾಸ್ತರರು ಪುಸ್ತಕ ಮುಚ್ಚಿದರು.

"ಬ್ಯಾಟರಿ ಸಾಯ್ಲಿ. ಬೆರಳಿಗೂ ಒಂದು ಜವಾಬು ಬೇಕಲ್ರಿ?"

ನಗು ನಿಂತಿತು. ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಎರಡೂ ಅಂಗೈ ಒತ್ತಿ ಕೂತ ಕಾಕಾ ಕಣ್ಣೆದುರು ಬಂದರು. ಅವರು ನನ್ನ ಬಾಯಿ ನೋಡುತ್ತಿದ್ದದ್ದು ಗೌರವಕ್ಕಲ್ಲ.

ಮಾಸ್ತರರು ಮೇಜು ಬಡಿದು ಕೇಳಿದರು: "ಯಾಕ್ರಿ ಸಾಹೇಬ್ರ, ನೀವೂ ಮೌನ ಶುರು ಮಾಡಿದ್ರೇನು?"

೫. ಇಳಕಲ್ಲಿನ ಮಗ್ಗದ ಮನೆ

ಮರುದಿನವೇ ಅಂಗಡಿಗೆ ಬಾಗಿಲು ಹಾಕಿ ಇಳಕಲ್ಲಿಗೆ ಹೋದೆ. ಕಾಕಾರ ಮನೆಯ ಮುಂಗೋಣೆಯಲ್ಲಿ ಮಗನ ನಾಲ್ಕು ಪವರ್‌ಲೂಮ್ ಖಟಖಟ ಎನ್ನುತ್ತಿದ್ದವು. ಸೊಸೆ ನನ್ನನ್ನು ಹಿಂದಿನ ಪಡಸಾಲೆಗೆ ಕರೆದೊಯ್ದರು.

"ಎದುರು ನಿಂತು ಮಾತಾಡ್ರಿ. ಮಾವಾರಿಗೆ ಕಿವಿ ಕೇಳೂದು ಬಿಟ್ಟು ಎಷ್ಟೋ ವರ್ಷಾತು. ಮಗ್ಗದ ಮನ್ಯಾಗ ಎಲ್ಲಾರ್ದೂ ಬಾಯಿ ನೋಡೇ ಮಾತು, ಹಿಂಗಾಗಿ ಹೊರಗಿನವರಿಗೆ ತಿಳಿಯಂಗಿಲ್ಲ."

"ನನಗರೆ ಹೇಳಬಾರದಿತ್ತೇನ್ರಿ?"

"ಹೇಳಿದ್ರ ಗೋಷ್ಠ್ಯಾಗ ಹಾಡಾಕ ಬಿಡೂದಿಲ್ಲ ಅಂತ ಅವರಿಗೆ ಅಂಜಿಕಿ."

ಕಾಕಾ ನನ್ನನ್ನು ಗುರುತು ಹಿಡಿದರು. ಸಿಟ್ಟಿಲ್ಲ, ಮುನಿಸಿಲ್ಲ. ಸೊಸೆ ಗೂಡಿನಿಂದ ಡಬ್ಬಿ ತಂದುಕೊಟ್ಟರು. ಗುಂಡಿ ಒತ್ತಿದರೆ, ಹಳೇ ಶೆಲ್ಲಿನ ಮೇಲೇ, ಕೆಂಪು ದೀಪ ಹತ್ತಿ ಸಣ್ಣಗೆ ನಾದ ಹೊರಟಿತು.

"ನೀ ತಿಂಗಳ ಅಂದಿದ್ದಿ," ಅಂದರು ಕಾಕಾ, ದೀಪ ನೋಡಿ, ಖರೇನೇ ಮೆಚ್ಚಿ. "ಎರಡ ವರ್ಷ ಬಂದ್ವು ನೋಡು!"

ನಾನು ಮುಚ್ಚಳ ಬಿಚ್ಚಿದೆ. ಸ್ಪಂಜು ಕಿತ್ತೆ, ರಬ್ಬರ್ ಹರಿದೆ, ತಡೆ ತೆಗೆದೆ, ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿದೆ. ನನ್ನ ಜೀವನದಲ್ಲಿ ಅಳತೆಯಿಟ್ಟು ಮಾಡಿದ ಮೊದಲ ದೋಷ ಅದು. ಹೊಸ ಶೆಲ್ ಹಾಕಿ ಅವರ ತೊಡೆಯ ಮೇಲಿಟ್ಟೆ. ಡಬ್ಬಿ ಗಡಗಡ ಎಂದಿತು. ಕಾಕಾರ ಮುಖ ಅರಳಿತು.

"ಮಗ್ಗದಾಗ ಎಳಿ ಹರದ್ರ ಕಿವಿ ಎಲ್ಲಿ ಹೇಳ್ತೈತಿ? ಕೈಕಾಲಿಗೆ ತಿಳೀತೈತಿ. ಶ್ರುತಿನೂ ಹಂಗ," ಎಂದು ಹಾಡಲು ಬಾಯಿ ತೆರೆದರು. ಸೊಸೆ ಓಡಿಹೋಗಿ ಲೂಮ್ ನಿಲ್ಲಿಸಿದರು. ಮೊದಲ ಸ್ವರ ನೆಟ್ಟಗೆ ಹೋಗಿ ಶ್ರುತಿಯ ಮೇಲೆ ಕೂತಿತು. ಆದರೆ ಎರಡನೆಯ ಸಾಲಿಗೆ ದನಿ ಒಡೆಯಿತು, ಮೂರನೆಯದಕ್ಕೆ ಕೆಮ್ಮು ಬಂತು. ಎರಡು ವರ್ಷ ಸುಮ್ಮನಿದ್ದ ಗಂಟಲಿಗೆ ನನ್ನ ಬಳಿ ಬಿಡಿಭಾಗ ಇರಲಿಲ್ಲ.

"ಸೋಮವಾರ ಗೋಷ್ಠಿಗೆ ಹೋಗ್ರಿ ಕಾಕಾ," ಅಂದೆ, ಎದುರು ನಿಂತು.

"ಈಗ ಒಬ್ಬಾಕಿ ಹುಡಿಗಿ ಹಾಡ್ತಾಳ. ಭಾಳ ಚಲೋ ಹಾಡ್ತಾಳ."

"ನಿಮಗ ಹೆಂಗ ಗೊತ್ತ್ರಿ?"

"ಮುಂದ ಕುಂತವ್ರ ತಲಿ ಆಡ್ತಾವಲ್ಲ, ಹಿಂದಿಂದ ನೋಡ್ತಿರತೇನಿ."

ಇಷ್ಟು ಹೇಳಿ ಕಣ್ಣು ಮುಚ್ಚಿ, ಡಬ್ಬಿಯ ಮೇಲೆ ಅಂಗೈ ಇಟ್ಟು ಕೂತುಬಿಟ್ಟರು. ನನಗೆ ತಡೆಯಲಾಗಲಿಲ್ಲ. ಅದೇ ಡಬ್ಬಿಯ ಮೇಲೆ ನನ್ನ ಕೈಯನ್ನೂ ಇಟ್ಟು, "ತಪ್ಪಾತ್ರಿ ಕಾಕಾ," ಅಂದೆ. ಕೇಳಲಿಲ್ಲ. ಕೂಗಿ ಅಂದೆ. ಇನ್ನೂ ಜೋರಾಗಿ ಅಂದೆ. ಯಾರ ಮುಂದೆಯೂ ತಪ್ಪೊಪ್ಪಿಕೊಳ್ಳದವನು ನಾನು. ಅಂದು ಓಣಿಯ ಮಗ್ಗಗಳೆಲ್ಲ ನಿಂತು, ಬಾಗಿಲಲ್ಲಿ ಹತ್ತು ಮಂದಿ ಕೂಡಿದರು. ಇಡೀ ಓಣಿಗೆ ನನ್ನ ತಪ್ಪು ಕೇಳಿಸಿತು, ಅವರೊಬ್ಬರನ್ನು ಬಿಟ್ಟು.

ಕಾಕಾ ಒಂದು ಕಣ್ಣು ತೆರೆದು ನನ್ನ ಕೈಯನ್ನು ನೋಡಿದರು.

"ಡಬ್ಬಿ ನಡಗಲಿ ಅಂದಿದ್ನಿ ತಮ್ಮಾ. ನೀ ಯಾಕ ನಡಗಾಕ ಹತ್ತೀದಿ?"