ಬರೆನ್ ಹೋಬಳಿಯ ದನಗಳು

ನಮ್ಮ ಚಿಕ್ಕಪ್ಪ ಡಾಕ್ಟರೆಂದು ಅಡಿಲೇಡಿನಲ್ಲಿ ಬಹಳ ಜನ ನಂಬಿದ್ದರು. ನನ್ನ ಲೆಕ್ಕದಲ್ಲಿ ಅವರು ಐರ್ಲೆಂಡಿನ ಶಾನುಭೋಗರು! ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲೇ ರೋಗಿಯ ಊರು ವಿಚಾರಿಸುತ್ತಿದ್ದರು. ಇದೇ ಊರು ಎಂದರೆ ಬಿಡುವರೇ? ಅಜ್ಜ ಎಲ್ಲಿಂದ ಬಂದದ್ದು? ಐರ್ಲೆಂಡೇ? ಯಾವ ಕೌಂಟಿ, ಅದರಲ್ಲಿ ಯಾವ ಬ್ಯಾರನಿ? ಕೆಮ್ಮಿಗೆ ಔಷಧ ಆಮೇಲೆ.

"ಕೌಂಟಿ ಅಂದ್ರೆ ಜಿಲ್ಲೆ, ಬ್ಯಾರನಿ ಅಂದ್ರೆ ಹೋಬಳಿ ಕಣಮ್ಮ," ಎಂದು ನನಗೆ ಪಾಠ.

ಹರೆಯದಲ್ಲಿ ಅವರು ಕೆಲಸ ಮಾಡಿದ್ದು ಕ್ಲೇರ್ ಕೌಂಟಿಯ ಬರೆನ್ ಬ್ಯಾರನಿಯಲ್ಲಿ. ಸುಣ್ಣಕಲ್ಲಿನ ಬೋಳು ಗುಡ್ಡಗಳು, ಉತ್ತರಕ್ಕೆ ಕಡಲು. ಹಿಂದೆ ಒಂದು ಮನೆತನದ ಪಾಳೆಪಟ್ಟು. ಇಂಗ್ಲಿಷರು ಬಂದು ಬ್ಯಾರನಿ ಮಾಡಿದರು. ಪರ್ತ್, ಬ್ರಿಸ್ಬೇನ್, ಅಡಿಲೇಡ್, ಕೆಲಸಕ್ಕೆ ಹೋದಲ್ಲೆಲ್ಲ ಚಿಕ್ಕಪ್ಪ ಬರೆನ್‌ನವರನ್ನು ಹುಡುಕಿದರು. ಒಬ್ಬರೂ ಸಿಗಲಿಲ್ಲ.

ನಾನು ಅವರ ಮನೆಯಲ್ಲಿದ್ದು ಭೂಗೋಳ ಓದುತ್ತಿದ್ದೆ. ಬ್ಯಾರನಿಗಳು ಆಡಳಿತದಿಂದ ಎಂದೋ ಹೋದವು ಎಂದು ಅವರನ್ನು ತಿದ್ದಿದೆ. ನನಗೆ ಬರುತ್ತಿದ್ದ ಸಂಭಾಷಣೆ ಅದೊಂದೇ, ತಿದ್ದುವುದು. ಉಳಿದಂತೆ ಅಂಗಡಿಯಲ್ಲಿ ಹಾಲು ಕೇಳಲೂ ಒಳಗೊಳಗೇ ಅಭ್ಯಾಸ ಮಾಡಿಕೊಳ್ಳುವವಳು!

ಎಂಬತ್ತರ ದಶಕದ ಮೊದಲಲ್ಲಿ ಕೊನೆಗೂ ಒಬ್ಬರು ಸಿಕ್ಕರು. ಚಿಕ್ಕಪ್ಪ ರೋಗಿಗಳನ್ನು ನೋಡಲು ಹೋಗುತ್ತಿದ್ದ ವೃದ್ಧಾಶ್ರಮಕ್ಕೆ ಹೊಸದಾಗಿ ಬಂದ ಅಜ್ಜಿ, ಬರೆನ್‌ನಲ್ಲೇ ಹುಟ್ಟಿದವರು. ಆದರೆ ಅಣ್ಣ ತೀರಿಕೊಂಡಾಗಿನಿಂದ ಮಾತು ಬಿಟ್ಟಿದ್ದರು, ಊಟವನ್ನೂ. ಹೀಗೇ ಆದರೆ ಉಳಿಯುವುದಿಲ್ಲ ಎಂದಿದ್ದರು ನರ್ಸ್. ಚಿಕ್ಕಪ್ಪನ ಗ್ರಹಚಾರ ನೋಡಿ, ಹಿಂದಿನ ದಿನವೇ ಯುಗಾದಿ ಕೂಟದಲ್ಲಿ ಮೈಕಿಲ್ಲದೆ ಭಾಷಣ ಬಿಗಿದು ಗಂಟಲು ಕಟ್ಟಿತ್ತು! ನನ್ನನ್ನು ಎಳೆದುಕೊಂಡು ಹೋದರು.

"ಬರೆನ್ ಬಗ್ಗೆ ಮಾತಾಡು," ಎಂದು ಪಿಸುಗುಟ್ಟಿದರು.

ನಾನು ಪರೀಕ್ಷೆಯ ಉತ್ತರ ಒಪ್ಪಿಸತೊಡಗಿದೆ: ಸುಣ್ಣಕಲ್ಲು, ಹಿಮಯುಗ, ಮಳೆ. ಅಜ್ಜಿ ಗೋಡೆ ನೋಡುತ್ತಿದ್ದರು. ನನ್ನ ಮಾತನ್ನು ಎಲ್ಲರೂ ಹಾಗೆಯೇ ಕೇಳುವುದರಿಂದ ಮುಂದುವರಿಸಿದೆ. ಚಳಿಗಾಲದಲ್ಲಿ ದನಗಳನ್ನು ಗುಡ್ಡದಿಂದ ಕೆಳಗಿಳಿಸುತ್ತಾರೆ, ಎಂದೆ. ಎಲ್ಲ ಗುಡ್ಡಗಾಡಿನಲ್ಲೂ ಅದೇ ತಾನೆ?

"ಮೇಲಕ್ಕೆ," ಎಂದು ಹಾಸಿಗೆಯಿಂದ ದನಿ ಬಂತು. "ಚಳಿಗಾಲಕ್ಕೆ ಮೇಲಕ್ಕೆ ಹೊಡೀತೀವಿ ಹುಡುಗಿ. ಬೇಸಿಗೆ ಬಿಸಿ ಕಲ್ಲಲ್ಲಿ ಉಳಿದಿರತ್ತೆ. ನಿಂಗ್ಯಾರು ಇದನ್ನ ಕಲಿಸಿದ್ದು?"

ಬೈಯುವ ಉಮೇದಿನಲ್ಲಿ, ಚಿಕ್ಕಪ್ಪ ಹಿಡಿದ ಒಂದು ಚಮಚ ಸೂಪನ್ನು ಅಜ್ಜಿ ನುಂಗಿಬಿಟ್ಟರು. ಚಿಕ್ಕಪ್ಪ ನನ್ನತ್ತ ನೋಡಿದರು. ಮತ್ತೆ ಚಮಚ ತುಂಬಿಕೊಂಡರು.

ಆ ಗುಡ್ಡಗಳ ಮೇಲೆ ನಾನು ದಟ್ಟ ಕಾಡು ಬೆಳೆಸಿದೆ. ಬೈಗುಳ, ಮತ್ತೊಂದು ಚಮಚ. ಕಡಲನ್ನು ದಕ್ಷಿಣಕ್ಕೆ ಸರಿಸಿದೆ. ಇನ್ನೊಂದು. ಒಂದು ಅಂಕಿ ತಪ್ಪಿದರೂ ನಿದ್ದೆಗೆಡುತ್ತಿದ್ದ ನಾನು, ಬಟ್ಟಲು ಬರಿದಾಗುವವರೆಗೂ ಆ ಹೋಬಳಿಯ ಬಗ್ಗೆ ಒಂದೇ ಒಂದು ಮಾತನ್ನೂ ಸರಿಯಾಗಿ ಹೇಳಲಿಲ್ಲ.