ಓದಲು ಕೊಟ್ಟ ಪುಟ

ಯಾರಿಗಾದರೂ ಒಂದು ವಸ್ತು ಕೊಡುವಾಗ ‘ಇಷ್ಟು ಮಾತ್ರ ನಿಮ್ಮದು’ ಎಂದು ಹೇಳಲು ನನಗೆ ಮೊದಲಿನಿಂದಲೂ ಸಂಕೋಚ. ಪಕ್ಕದ ಮನೆಯವರು ಪೇಪರ್ ಕೇಳಿ ಒಯ್ದು ಪದಬಂಧ ತುಂಬಿಸಿ ತಂದುಕೊಡುತ್ತಾರೆ. ನಾನು ಹಲ್ಲು ಕಿರಿದು ಈಸಿಕೊಳ್ಳುತ್ತೇನೆ. ಈ ಸಂಕೋಚವನ್ನು ಮಧುಗಿರಿಯ ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋಗಿದ್ದರೆ ಚಿಂತೆಯಿರಲಿಲ್ಲ. ದಿನಾ ಬೆಳಗ್ಗೆ ಅದೂ ನನ್ನ ಜೊತೆ ಪಾವಗಡದ ವ್ಯಾನು ಹತ್ತುತ್ತಿತ್ತು.

ಕ್ಯಾತಗಾನಚೆರ್ಲು ಹತ್ತಿರ, ಸೋಲಾರ್ ಫಲಕಗಳ ನಡುವೆ ನಮ್ಮದೊಂದು ಪುಟ್ಟ ಕಚೇರಿ. ಬಿಸಿಲನ್ನು ಅಳೆಯುವ ಯಂತ್ರದಿಂದ ಬರುವ ಅಂಕಿ ಮೊದಲು ಕಂಪ್ಯೂಟರಿನ ಕರ್ನಲ್‌ಗೆ ಸೇರುತ್ತದೆ. ಕರ್ನಲ್ ಎಂದರೆ ಇಡೀ ಕಂಪ್ಯೂಟರಿನ ಆಡಳಿತ ನೋಡಿಕೊಳ್ಳುವ ತಂತ್ರಾಂಶ. ತನ್ನ ಮೆಮೊರಿಯ ಹತ್ತಿರಕ್ಕೆ ಬೇರೆ ಪ್ರೋಗ್ರಾಮುಗಳನ್ನು ಅದು ಬಿಟ್ಟುಕೊಳ್ಳುವುದಿಲ್ಲ; ಕೇಳಿದಾಗಲೆಲ್ಲ ಅಂಕಿಯನ್ನು ನಕಲು ಮಾಡಿ ಕೊಡುತ್ತದೆ. ಈ ನಕಲಿನ ಕೆಲಸದಲ್ಲೇ ನಮ್ಮ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ನಕಲೇಕೆ, ಕರ್ನಲ್ ಬರೆಯುವ ಪುಟವನ್ನೇ ಎಲ್ಲ ಪ್ರೋಗ್ರಾಮುಗಳೂ ನೇರವಾಗಿ ನೋಡಲಿ ಎಂದು ನಾನು ಮೆಮೊರಿಯ ಆ ಪುಟವನ್ನು, ಅಂದರೆ ಆ ಒಂದು ತುಂಡು ಜಾಗವನ್ನು, ಅವಕ್ಕೆ ಹಂಚಿಬಿಟ್ಟೆ. ವೇಗ ಹೆಚ್ಚಿತು. ಮ್ಯಾನೇಜರು ಬೆನ್ನು ತಟ್ಟಿದರು. ಪುಟವನ್ನು ಓದುವ ಅನುಮತಿಯ ಜೊತೆಗೆ ಬರೆಯುವ ಅನುಮತಿಯನ್ನೂ ಕೊಟ್ಟಿದ್ದೆನೆಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಹೆಡ್ ಆಫೀಸಿನವರು ಬಂದ ದಿನ, ವರ್ಷವಿಡೀ ಮುಖ ತೋರಿಸದ ಮಳೆ ಮಧ್ಯಾಹ್ನ ಧೋ ಎಂದು ಸುರಿಯಿತು. ಫಲಕ ನೋಡಲು ಹೋಗಿದ್ದ ಅತಿಥಿಗಳು ತೊಯ್ದು ತೊಪ್ಪೆಯಾಗಿ ಒಳಗೆ ಓಡಿಬಂದರು. ಗೋಡೆಯ ದೊಡ್ಡ ಪರದೆ ಮಾತ್ರ ರಣಬಿಸಿಲಿನ ಅಂಕಿಯನ್ನು ತೋರಿಸುತ್ತ ಜಗಮಗಿಸುತ್ತಿತ್ತು. ತಲೆ ಒರೆಸಿಕೊಳ್ಳುತ್ತಿದ್ದ ಹಿರಿಯ ಅಧಿಕಾರಿಣಿ ಒಮ್ಮೆ ಪರದೆಯನ್ನೂ ಒಮ್ಮೆ ಕಿಟಕಿಯನ್ನೂ ನೋಡಿ, “ಇದು ಯಾವ ಊರಿನ ಬಿಸಿಲು?” ಎಂದರು.

ಪರದೆಯ ಪ್ರೋಗ್ರಾಮ್ ಬರೆದವನು ಸಹೋದ್ಯೋಗಿ ಓಬಳೇಶ. ಅವನನ್ನು ಮೂಲೆಗೆ ಕರೆದು ವಿಚಾರಿಸಿದೆ.

“ಅಂಕಿ ಒಂದೇ ಸಮ ಕುಣೀತಿತ್ತು ಸಾರ್. ನೋಡೋರ್ಗೆ ತಲೆ ತಿರುಗ್ತದೆ ಅಂತ, ಅತಿ ದೊಡ್ಡದು ಯಾವುದು ಬಂದಿತ್ತೋ ಅದನ್ನೇ ನಿಲ್ಲಿಸ್ಬುಟ್ಟೆ.”

“ಎಲ್ಲಿ ನಿಲ್ಲಿಸ್ದೆ?”

“ನೀವು ಕೊಟ್ರಲ್ಲ, ಆ ಪುಟದಾಗೇ.”

ಕರ್ನಲ್ ಪಾಪ ನಿಜವಾದ ಅಂಕಿ ಬರೆಯುತ್ತಲೇ ಇತ್ತು; ಇವನ ಪ್ರೋಗ್ರಾಮ್ ಬೆನ್ನಹಿಂದೆಯೇ ಅದನ್ನು ತಿದ್ದುತ್ತಲೇ ಇತ್ತು.

“ಅದನ್ನ ಓದೋಕೆ ಕೊಟ್ಟಿದ್ದು ಕಣಯ್ಯಾ!”

“ಬರೆಯೋಕೂ ಬಿಡ್ತು. ಬ್ಯಾಡ ಅಂದಿದ್ರೆ ಬರೀತಿದ್ನಾ ಸಾರ್?”

ಸಿಟ್ಟಿನಲ್ಲಿ ಹೋಗಿ ಬರೆಯುವ ಅನುಮತಿಯನ್ನು ಕಿತ್ತುಹಾಕಿದೆ. ಓಬಳೇಶನ ಪ್ರೋಗ್ರಾಮ್ ಅಭ್ಯಾಸಬಲದಿಂದ ಮತ್ತೆ ಬರೆಯಲು ಹೋಯಿತು. ಅನುಮತಿಯಿಲ್ಲದೆ ಕೈಯಿಟ್ಟಿತೆಂದು ಕರ್ನಲ್ ಆ ಪ್ರೋಗ್ರಾಮನ್ನೇ ಅಲ್ಲಿಗೆ ನಿಲ್ಲಿಸಿಬಿಟ್ಟಿತು. ಅತಿಥಿಗಳ ಕಣ್ಣೆದುರೇ ಪರದೆ ಕಪ್ಪಾಯಿತು.

“ಮೊದಲು ಸುಳ್ಳಾದರೂ ಏನೋ ಕಾಣ್ತಿತ್ತು,” ಎಂದರು ಅಧಿಕಾರಿಣಿ.

ಓಬಳೇಶ ಚಕಚಕನೆ ತನ್ನದೇ ಬೇರೆ ಮೆಮೊರಿಯಲ್ಲಿ ನಕಲಿಟ್ಟುಕೊಂಡು, ದೊಡ್ಡ ಅಂಕಿಯ ಮೇಲೆ ‘ಇಂದಿನ ಗರಿಷ್ಠ’ ಎಂದು ಬರೆದು, ಪಕ್ಕದಲ್ಲಿ ಮಳೆಯ ಹೊತ್ತಿನ ಸಪ್ಪೆ ಅಂಕಿಯನ್ನೂ ತೋರಿಸಿದ. ಎಲ್ಲರೂ ಭೇಷ್ ಎಂದರು. ಅತಿಥಿಗಳು ಹೊರಟ ಮೇಲೆ ಮ್ಯಾನೇಜರು ನನ್ನನ್ನು ಕರೆದು, ಯಾರಿಗೆ ಯಾವ ಅನುಮತಿ ಎಂಬುದನ್ನು ಇನ್ನು ಒಬ್ಬರೇ ನಿರ್ಧರಿಸಲಿ ಎಂದರು. ಆ ಒಬ್ಬರು ನಾನೇ ಎಂದುಕೊಂಡು ವಿನಯದಿಂದ ತಲೆಬಾಗಿದೆ.

ಈಗ ಆ ಕಂಪ್ಯೂಟರಿನಲ್ಲಿ ನನಗೆ ಓದಲು ಮಾತ್ರ ಅನುಮತಿ. ಅಕ್ಷರವೊಂದನ್ನು ಬದಲಿಸಬೇಕಿದ್ದರೂ ಓಬಳೇಶನ ಮೇಜಿನ ಮುಂದೆ ನಿಲ್ಲಬೇಕು. ಅವನು ಎದ್ದು ನನಗೆ ಕುರ್ಚಿ ಕೊಟ್ಟು, ಬಹಳ ಮರ್ಯಾದೆಯಿಂದ ಹೇಳುತ್ತಾನೆ: “ನೀವ್ಯಾಕೆ ಸಾರ್ ಕಷ್ಟಪಡ್ತೀರಾ? ಏನಂತ ಹೇಳಿ, ನಾನು ಬರ್ಕೊಡ್ತೀನಿ.”